ಗೋಡೆ ಒಡೆಯುವ ಮುನ್ನ: ಸಿಂಗಪುರದ ಗೃಹನವೀಕರಣದ ಇತಿಹಾಸದಿಂದ ಒಂದು ಪಾಠ



'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಆ ಗಾದೆ ಹುಟ್ಟಿದ ಊರುಗಳಲ್ಲಿ ಮನೆ ಕಟ್ಟುವವನಿಗೆ ಒಂದು ಅನುಕೂಲವಿತ್ತು. ಮೇಸ್ತ್ರಿ ಯಾರ ಮಗನೆಂಬುದು ಊರಿಗೇ ಗೊತ್ತಿತ್ತು. ಅವನ ತಂದೆ ಹಾಕಿದ ತಳಪಾಯ ಎರಡು ಬೀದಿಯಾಚೆ ಇನ್ನೂ ಭದ್ರವಾಗಿ ನಿಂತಿತ್ತು. ಕೆಲಸ ಕೆಟ್ಟರೆ ಮರುದಿನವೂ ಅವನು ಅದೇ ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಬೇಕಾಗಿತ್ತು. ಅಲ್ಲಿ ಪರಿಚಯವೇ ಪ್ರಮಾಣಪತ್ರ, ಊರಿನ ಬಾಯಿಯೇ ನ್ಯಾಯಸ್ಥಾನ. ಸಮುದ್ರ ದಾಟಿ ಬಂದ ನಮಗೆ ಇವೆರಡೂ ಇಲ್ಲ. ಹೊಸ ಮನೆಯ ಬೀಗದ ಕೈ ದೊರೆತ ದಿನವೇ ನಮ್ಮನ್ನು ಕಾಡುವ ಪ್ರಶ್ನೆ ಇದು: ಯಾರನ್ನು ಕೇಳುವುದು, ಯಾರನ್ನು ನಂಬುವುದು? ಇದಕ್ಕೆ ಸಿಂಗಪುರ ಕಂಡುಕೊಂಡ ಉತ್ತರಕ್ಕೆ ಒಂದು ಇತಿಹಾಸವಿದೆ. ಅದನ್ನು ಅರಿತರೆ ನಮ್ಮ ದಾರಿಯೂ ಸುಗಮವಾಗುತ್ತದೆ.

ಒಂದು ಕಾಲಕ್ಕೆ ಈ ನಾಡಿನ ಜನರೂ ಪರಿಚಯದ ಬಲದಿಂದಲೇ ಬದುಕಿದವರು. ಕಂಪೋಂಗ್ ಎಂಬ ಹಳ್ಳಿಗಳಲ್ಲಿ ಮರದ ಮನೆಗಳಿಗೆ ಗರಿಯ ಮಾಡು ಹೊದಿಸಿ, ಸೋರಿದರೆ ತಾವೇ ಸರಿಪಡಿಸಿಕೊಳ್ಳುತ್ತಿದ್ದರು. 1960ರಲ್ಲಿ ವಸತಿ ಮತ್ತು ಅಭಿವೃದ್ಧಿ ಮಂಡಳಿ, ಅಂದರೆ ನಮಗೆಲ್ಲ ಪರಿಚಿತವಾದ ಎಚ್.ಡಿ.ಬಿ., ಸ್ಥಾಪನೆಯಾಯಿತು. ಮರುವರ್ಷ, 1961ರ ಮೇ 25ರಂದು, ಬುಕಿಟ್ ಹೋ ಸ್ವೀ ಬಡಾವಣೆಯಲ್ಲಿ ಹೊತ್ತಿದ ಬೆಂಕಿ ಸುಮಾರು 16,000 ಜನರನ್ನು ನಿರಾಶ್ರಿತರನ್ನಾಗಿಸಿತು. 1965ರ ಹೊತ್ತಿಗೆ ಮಂಡಳಿಯು 50,000ಕ್ಕೂ ಹೆಚ್ಚು ಮನೆಗಳನ್ನು ನಿರ್ಮಿಸಿತ್ತು. 1964ರಲ್ಲಿಯೇ ಸ್ವಂತ ಮನೆಯ ಯೋಜನೆಯೂ ಜಾರಿಗೆ ಬಂದಿತ್ತು. ನೆಲದ ಮೇಲಿನ ಮನೆಯಿಂದ ಅಂತಸ್ತಿನ ಮನೆಗೆ ಏರಿದಾಗ ಒಂದು ಮಾತು ಬದಲಾಯಿತು: ಒಬ್ಬರ ನೆಲ ಇನ್ನೊಬ್ಬರ ಚಾವಣಿಯಾಯಿತು. ತನ್ನ ಮನೆಯ ಗೋಡೆ ತನ್ನೊಬ್ಬನದೇ ಎನ್ನುವ ಹಕ್ಕು ಅಂದಿಗೆ ಮುಗಿಯಿತು.

ಇದರ ಅರ್ಥ ಈ ನಗರಕ್ಕೆ ಸಂಪೂರ್ಣವಾಗಿ ಮನದಟ್ಟಾದದ್ದು 1986ರ ಮಾರ್ಚ್ 15ರಂದು. ನಾವು ದಿನಸಿಗೂ ದೇವಸ್ಥಾನಕ್ಕೂ ಹೋಗುವ ಸೆರಂಗೂನ್ ರಸ್ತೆಯಲ್ಲೇ, ಹೋಟೆಲ್ ನ್ಯೂ ವರ್ಲ್ಡ್ ಇದ್ದ ಆರು ಅಂತಸ್ತಿನ ಕಟ್ಟಡ ಒಂದು ನಿಮಿಷದೊಳಗೆ ಕುಸಿಯಿತು. 33 ಜನ ಸತ್ತರು. 17 ಜನರನ್ನು ಅವಶೇಷದಡಿಯಿಂದ ಜೀವಸಹಿತ ತೆಗೆಯಲಾಯಿತು. ತನಿಖೆಯಲ್ಲಿ ಹೊರಬಂದ ಸಂಗತಿ ದಿಗ್ಭ್ರಮೆ ಹುಟ್ಟಿಸುವಂಥದು. ಕಟ್ಟಡದೊಳಗಿನ ಜನ ಮತ್ತು ಸಾಮಾನಿನ ಭಾರವನ್ನು ಲೆಕ್ಕಹಾಕಿದ್ದರು. ಕಟ್ಟಡದ ಸ್ವಂತ ಭಾರವನ್ನೇ ಬಿಟ್ಟಿದ್ದರು! ಮೂರು ವರ್ಷ ಮೊದಲು, 1983ರಲ್ಲಿ, ಬೆಂಗಳೂರಿನ ಗಂಗಾರಾಮ್ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಮಡಿದುದನ್ನು ನಮ್ಮಲ್ಲಿನ ಹಿರಿಯರು ಮರೆತಿರಲಾರರು. ಸಿಂಗಪುರದಲ್ಲಿ ಆ ದುರಂತದ ಫಲವಾಗಿ 1989ರ ಕಟ್ಟಡ ನಿಯಂತ್ರಣ ಕಾಯ್ದೆ ಬಂತು. ಒಬ್ಬ ಎಂಜಿನಿಯರನ ಲೆಕ್ಕವನ್ನು ಸ್ವತಂತ್ರನಾದ ಇನ್ನೊಬ್ಬ ಪರಿಶೀಲಿಸಬೇಕೆಂಬ ಪದ್ಧತಿ ನೆಲೆಗೊಂಡಿತು. ವ್ಯಕ್ತಿಯ ಮೇಲಿನ ನಂಬಿಕೆಗೆ ದಾಖಲೆಯ ಆಧಾರ ಸೇರಿತು.

ಇಂದಿನ ನಿಯಮಗಳನ್ನು ನಾವು ಈ ಹಿನ್ನೆಲೆಯಲ್ಲಿ ಕಾಣಬೇಕು. ಗೋಡೆ ಒಡೆಯಲು ಮಂಡಳಿಯ ಪೂರ್ವಾನುಮತಿ ಬೇಕು. ಕಂಬ ತೊಲೆಗಳನ್ನು ಒಡೆಯುವಂತಿಲ್ಲ. ನಮ್ಮಲ್ಲಿ ಅನೇಕರು ಉಗ್ರಾಣವಾಗಿ ಬಳಸುವ ರಕ್ಷಣಾ ಕೊಠಡಿಯ ಗೋಡೆಯೂ ಹಾಗೆಯೇ. ಹೊಸ ಮನೆಯ ಬಚ್ಚಲಿನ ನೆಲದ ಟೈಲುಗಳನ್ನು ಮೊದಲ ಮೂರು ವರ್ಷ ಕೀಳಬಾರದೆಂಬ ನಿಯಮವಿದೆ; ಅವುಗಳಡಿ ನೀರು ಇಳಿಯದಂತೆ ತಡೆಯುವ ಪದರವಿದೆ, ಅದು ಹರಿದರೆ ಸೋರುವುದು ಕೆಳಗಿನವರ ಮನೆ. ಇವೆಲ್ಲ ಅಧಿಕಾರಿಗಳ ಕಿರುಕುಳವೆಂದು ಗೊಣಗುವವರು ಸೆರಂಗೂನ್ ರಸ್ತೆಯ ಆ ಶನಿವಾರವನ್ನು ನೆನೆಯಬೇಕು.

ಹಾಗಾದರೆ ಯಾರನ್ನು ಕೇಳುವುದು? ಏನು ಮಾಡಬಹುದು, ಏನು ಕೂಡದು ಎಂಬುದಕ್ಕೆ ಮಂಡಳಿಯೇ ಪ್ರಮಾಣ. ನವೀಕರಣದ ಕೆಲಸವನ್ನು ಮಂಡಳಿಯ ಪಟ್ಟಿಯಲ್ಲಿರುವ ಗುತ್ತಿಗೆದಾರರಿಂದಲೇ ಮಾಡಿಸಬೇಕು. ಆದರೆ ಇಲ್ಲಿ ಅನೇಕರು ಎಡವುತ್ತಾರೆ. ಹೆಸರು ಪಟ್ಟಿಯಲ್ಲಿದೆ ಎಂದ ಮಾತ್ರಕ್ಕೆ ಕೆಲಸ ಚೆನ್ನಾಗಿರುತ್ತದೆ ಎಂದು ಮಂಡಳಿ ಹೊಣೆ ಹೊರುವುದಿಲ್ಲ. ಒಪ್ಪಂದ ನಮ್ಮ ಮತ್ತು ಅವನ ನಡುವಿನದು. ಮುಂಗಡ ಪಡೆದು ಅಂಗಡಿ ಮುಚ್ಚಿಕೊಂಡವರ ಕಥೆಗಳು ನಮ್ಮ ಕೂಟಗಳಿಗೂ ಹೊಸತಲ್ಲ. ಈ ಕೊರತೆಯನ್ನು ತುಂಬಲು ಬೇರೆ ಸಂಸ್ಥೆಗಳಿವೆ. 1971ರಲ್ಲಿ ಹುಟ್ಟಿದ ಬಳಕೆದಾರರ ಸಂಘವಾದ 'ಕೇಸ್', 'ಕೇಸ್‌ಟ್ರಸ್ಟ್' ಎಂಬ ಮಾನ್ಯತೆಯನ್ನು ನೀಡುತ್ತದೆ. ಈ ಮಾನ್ಯತೆ ಪಡೆದ ನವೀಕರಣ ಸಂಸ್ಥೆಗಳು, ತಾವು ಮುಚ್ಚಿಹೋದರೂ ಗಿರಾಕಿಯ ಮುಂಗಡಕ್ಕೆ ರಕ್ಷಣೆ ದೊರೆಯುವಂತೆ ಖಾತರಿಪತ್ರ ಪಡೆದಿರಬೇಕು. ಜಗಳ ಬಗೆಹರಿಯದಿದ್ದರೆ 1985ರಿಂದ ಸಣ್ಣ ದಾವೆಗಳ ನ್ಯಾಯಮಂಡಳಿಯಿದೆ. ಅಲ್ಲಿ ವಕೀಲರಿಗೆ ಪ್ರವೇಶವಿಲ್ಲ. 2019ರಿಂದ 20,000 ಡಾಲರಿನವರೆಗೆ, ಉಭಯರೂ ಒಪ್ಪಿದರೆ 30,000ದವರೆಗೆ ದಾವೆ ಹೂಡಬಹುದು. ಅಲ್ಲಿ ಬಾಯಿಮಾತಿಗಿಂತ ಬರೆದಿಟ್ಟ ಒಪ್ಪಂದ, ರಸೀದಿ, ಛಾಯಾಚಿತ್ರಗಳೇ ನಮಗೆ ಬಲ.

ಹಾಗೆಂದು ನಮ್ಮವರ ಮಾತಿಗೆ ಬೆಲೆಯಿಲ್ಲವೆ? ಖಂಡಿತ ಇದೆ. ಯಾವ ಪಟ್ಟಿಯೂ ಹೇಳದ ಸಂಗತಿಯನ್ನು ಪಕ್ಕದ ಬ್ಲಾಕಿನ ಅಕ್ಕ ಹೇಳಬಲ್ಲರು: ಗುತ್ತಿಗೆದಾರ ಹೇಳಿದ ದಿನ ಬಂದನೆ, ಹಣ ಪೂರ್ತಿ ಸಂದ ಮೇಲೂ ಕರೆದರೆ ಬಂದನೆ, ಎರಡು ಮಳೆಗಾಲ ಕಳೆದರೂ ಬಚ್ಚಲು ಸೋರದೆ ಉಳಿದಿದೆಯೆ? ಆದರೆ ಅವರ ಮಾತು ಮೊದಲ ಮೆಟ್ಟಿಲು ಮಾತ್ರ. 'ನಮ್ಮ ಕಡೆಯವನು' ಎಂಬ ಅಭಿಮಾನದಿಂದ ಕಾಗದವಿಲ್ಲದೆ ಹಣ ಕೊಡುವುದು ಊರಿನ ಕ್ರಮವೂ ಅಲ್ಲ, ಈ ನಾಡಿನ ಕ್ರಮವೂ ಅಲ್ಲ. ಊರಿನ ಮೇಸ್ತ್ರಿ ಕಣ್ಣಳತೆಯನ್ನು ಎಷ್ಟೇ ನಂಬಿದರೂ ಗೋಡೆಗೆ ತೂಗುಗುಂಡು ಬಿಟ್ಟು ನೋಡದೆ ಮುಂದಿನ ವರಸೆ ಕಟ್ಟುತ್ತಿರಲಿಲ್ಲ. ನಾವೂ ಕೇಳೋಣ, ನಂಬೋಣ. ಆದರೆ ತೂಗುಗುಂಡು ಬಿಟ್ಟು ನೋಡಿದ ಮೇಲೆ.