ಪಠ್ಯಕ್ರಮದ ಹೊರಗೆ ಬೆಳೆದ ಸಹಭಾಗಿತ್ವ: ಕಾಲೇಜು ಕನ್ನಡ ಸಂಘಗಳು

ಅಧ್ಯಾಪಕರೂ ವಿದ್ಯಾರ್ಥಿಗಳೂ ಸಹಭಾಗಿಗಳಾಗಿ ಯೋಜನೆಯೊಂದನ್ನು ಕೈಗೊಳ್ಳುವುದು ಇಂದಿನ ಶಿಕ್ಷಣ ಪರಿಭಾಷೆಯಲ್ಲಿ ಹೊಸ ಆದರ್ಶವೆನಿಸಿದೆ. ಕನ್ನಡದ ಮಟ್ಟಿಗೆ ಅದು ಸ್ನಾತಕೋತ್ತರ ಅಧ್ಯಯನಕ್ಕಿಂತಲೂ ಹಳೆಯದು. ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1916ರಲ್ಲಿ; ಅಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ಈ ನಡುವಣ ಅವಧಿಯಲ್ಲಿ ಕನ್ನಡದ ಉನ್ನತ ಚರ್ಚೆಗೆ ಆಸರೆಯಾದವುಗಳಲ್ಲಿ ಕಾಲೇಜಿನ ಸಂಘವೂ ಒಂದು.

ಬೆಂಗಳೂರಿನ ಸೆಂಟ್ರಲ್ ಕಾಲೇಜು ಆಗ ಮುಖ್ಯವಾಗಿ ವಿಜ್ಞಾನದ ಕಾಲೇಜು. ಅಲ್ಲಿ ಎ.ಆರ್. ಕೃಷ್ಣಶಾಸ್ತ್ರಿಗಳು ಕರ್ಣಾಟಕ ಸಂಘವನ್ನು ಕಟ್ಟಿದರು. 1919ರಲ್ಲಿ 'ಪ್ರಬುದ್ಧ ಕರ್ಣಾಟಕ' ಪತ್ರಿಕೆ ಹೊರಟಿತು. ಅದನ್ನು ಓದಲೇಬೇಕೆಂದು ಯಾವ ಪರೀಕ್ಷೆಯೂ ವಿಧಿಸಿರಲಿಲ್ಲ. ಅಂಕದ ಹಂಗಿಲ್ಲದ ಕೆಲಸವಾದ್ದರಿಂದಲೇ ಗುರುಶಿಷ್ಯರ ನಡುವಣ ಅಂತರವೂ ಅಲ್ಲಿ ಸಡಿಲವಾಗಲು ಸಾಧ್ಯವಿತ್ತು.

ಮೈಸೂರಿನಲ್ಲಿ ಈ ಸಂಬಂಧ ಇನ್ನೊಂದು ರೂಪ ತಳೆಯಿತು. ಟಿ.ಎಸ್. ವೆಂಕಣ್ಣಯ್ಯನವರ ವಿದ್ಯಾರ್ಥಿಯಾಗಿದ್ದ ಕುವೆಂಪು ಮುಂದೆ ಅದೇ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕರಾದರು, 1956ರಲ್ಲಿ ಕುಲಪತಿಗಳಾದರು. 'ಶ್ರೀ ರಾಮಾಯಣ ದರ್ಶನಂ' ಕಾವ್ಯವನ್ನು ಗುರುವಿಗೇ ಅರ್ಪಿಸಿದರು. ಜಿ.ಪಿ. ರಾಜರತ್ನಂ ವಿದ್ಯಾರ್ಥಿಗಳ ಬರಹಗಳನ್ನು ಅಚ್ಚಿಗೆ ತಂದದ್ದಲ್ಲದೆ ಕನ್ನಡ ಪುಸ್ತಕಗಳನ್ನು ಸ್ವತಃ ಹೊತ್ತು ಮಾರಿದರು. ಬೆಂಗಳೂರಿನ ಕ್ರೈಸ್ಟ್ ಕಾಲೇಜಿನಲ್ಲಿ ಚಿ. ಶ್ರೀನಿವಾಸರಾಜು ಕಟ್ಟಿದ ಕನ್ನಡ ಸಂಘ ಬೇಂದ್ರೆಯವರ ಹೆಸರಿನಲ್ಲಿ ಅಂತರಕಾಲೇಜು ಕವನ ಸ್ಪರ್ಧೆಯನ್ನು ನಡೆಸಿತು, ಕಡಿಮೆ ಬೆಲೆಯ ಪುಸ್ತಕಗಳನ್ನು ಪ್ರಕಟಿಸಿತು.

ಆ ಬೇಂದ್ರೆಯವರೇ 1944ರಿಂದ 1956ರವರೆಗೆ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾಗಿದ್ದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಸೊಲ್ಲಾಪುರ ಮೈಸೂರು ರಾಜ್ಯದ ಹೊರಗೇ ಉಳಿಯಿತು. ಕಾಸರಗೋಡು ಕೇರಳಕ್ಕೆ ಸೇರಿತು, ಮರುವರ್ಷ ಅಲ್ಲಿ ಸರ್ಕಾರಿ ಕಾಲೇಜು ಆರಂಭವಾಯಿತು. ಇಂಥ ಕಡೆಗಳಲ್ಲಿ ಕನ್ನಡ ವಿಭಾಗದ ಅಳಿವು ಉಳಿವು ಹುದ್ದೆ ಮಂಜೂರಾತಿಗೂ ದಾಖಲಾತಿಯ ಸಂಖ್ಯೆಗೂ ಕಟ್ಟುಬಿದ್ದಿರುತ್ತದೆ. ಸಂಘಕ್ಕಾದರೋ ಒಬ್ಬ ಅಧ್ಯಾಪಕರು, ಕೆಲವು ವಿದ್ಯಾರ್ಥಿಗಳು, ಅಚ್ಚಿನ ನಾಲ್ಕು ಪುಟಗಳು ಸಾಕು.

ಗಡಿಯಾಚೆಯ ಕಾಲೇಜಿಗೆ ಇನ್ನೊಂದು ವಿಶೇಷವಿದೆ. ತಾಳವಾಡಿ, ಮಡಕಶಿರಾ, ಜತ್ತದ ವಿದ್ಯಾರ್ಥಿಗಳು ತಮ್ಮೊಡನೆ ತರುವ ಮನೆಮಾತು ಎಷ್ಟೋ ವೇಳೆ ಅಧ್ಯಾಪಕರಿಗೆ ಅಪರಿಚಿತ. ಪದಸಂಗ್ರಹ, ಸ್ಥಳನಾಮ, ಹಾಡುಗಳ ದಾಖಲಾತಿಯಲ್ಲಿ ಬಲ್ಲವರು ಅವರೇ. ವಿಧಾನವನ್ನು ಬಲ್ಲವರು ಅಧ್ಯಾಪಕರು. ಆದರೂ ಇಂಥ ಯೋಜನೆಗಳ ವರದಿಗಳಲ್ಲಿ ವಿದ್ಯಾರ್ಥಿಗಳ ಹೆಸರು ಕೃತಜ್ಞತೆಯ ಸಾಲಿಗೆ ಸರಿದುಬಿಡುವ ಅಪಾಯ ಸದಾ ಇದೆ. ವಿದ್ಯಾರ್ಥಿಯ ಬರಹ ವಿದ್ಯಾರ್ಥಿಯ ಹೆಸರಿನಲ್ಲೇ ಅಚ್ಚಾಗಬೇಕೆಂಬುದು ಹಳೆಯ ಸಂಘಗಳಿಂದ ಪಡೆಯಬಹುದಾದ ಮುಖ್ಯ ಪಾಠ. ಅದನ್ನು ಪಾಲಿಸಿದಲ್ಲಿ ಮಾತ್ರ ಸಹಭಾಗಿತ್ವವೆಂಬ ಮಾತಿಗೆ ಅರ್ಥವಿದೆ. ಗಡಿನಾಡ ಕನ್ನಡಕ್ಕೆ ಮುಂದಿನ ತಲೆಮಾರಿನ ಸಂಶೋಧಕರು ದೊರೆಯುವುದೂ ಆ ದಾರಿಯಿಂದಲೇ.