ಸಮಾದಿಷ್ಟನ ಸಂಬಳ

ಗುರುವಿನ ಆಜ್ಞೆಯಂತೆ ಅವನ ಬದಲಾಗಿ ಪಾಠ ಹೇಳುವವನನ್ನು ಶಾಸ್ತ್ರಕಾರರು ಸಮಾದಿಷ್ಟನೆಂದು ಕರೆದಿರುವರು. ಬದಲಿ ಉಪಾಧ್ಯಾಯರೆಂದೂ ಅತಿಥಿ ಶಿಕ್ಷಕರೆಂದೂ ಈಗ ಕರೆಯಿಸಿಕೊಳ್ಳುವವರ ಪೂರ್ವಿಕನು ಇವನೇ. ಪಾಠವು ನಡೆಯುವಷ್ಟು ಕಾಲ ಶಿಷ್ಯನು ಇವನ ಪಾದಗಳನ್ನು ಹಿಡಿದು ನಮಸ್ಕರಿಸಬೇಕೆಂದು ಆಪಸ್ತಂಬ ಧರ್ಮಸೂತ್ರವು ವಿಧಿಸಿ, ಯೋಗ್ಯನಾದ ಪಕ್ಷದಲ್ಲಿ ಯಾವಾಗಲೂ ಹಾಗೆಯೇ ನಡೆದುಕೊಳ್ಳಬೇಕೆಂಬ ಕೆಲವರ ಮತವನ್ನೂ ಜೊತೆಗೆ ಹೇಳಿದೆ. ಮನುವಾದರೋ, ತಂದೆಯ ಸ್ಥಾನದಲ್ಲಿ ನಿಂತು ಪಾಠ ಹೇಳುವ ಗುರುಪುತ್ರನು ಶಿಷ್ಯನಿಗಿಂತ ಕಿರಿಯನಾದರೂ ಗುರುವಿನಂತೆಯೇ ಮಾನಾರ್ಹನೆನ್ನುವನು. ಈ ವಿಧಿಗಳಲ್ಲಿ ಧನದ ಪ್ರಸ್ತಾಪವಿಲ್ಲ. ಸಂಬಳಕ್ಕೆ ಪಾಠ ಹೇಳುವ ಭೃತಕಾಧ್ಯಾಪಕನನ್ನು ಮನುವು ಶ್ರಾದ್ಧದ ಪಂಕ್ತಿಯಿಂದಲೇ ಹೊರಗಿಟ್ಟಿರುವನು. ಪಾಠಶಾಲೆಯಲ್ಲಿ ಈ ಶ್ಲೋಕ ಬಂದ ದಿನ ನಮ್ಮ ಗುರುಗಳು ನಕ್ಕು, ತಾವೂ ಆ ಪಂಕ್ತಿಯ ಹೊರಗಿನವರೇ ಎಂದರು.

ಕನ್ನಡ ನಾಡಿನ ಹಳೆಯ ಶಾಲೆಗಳ ಸ್ಥಿತಿಯನ್ನು ಬಳ್ಳಾರಿಯ ಕಲೆಕ್ಟರಾಗಿದ್ದ ಎ. ಡಿ. ಕ್ಯಾಂಬೆಲ್ಲರು 1823ನೆಯ ಇಸವಿ ಆಗಸ್ಟಿನಲ್ಲಿ ಬರೆದ ವರದಿಯಿಂದ ತಿಳಿಯಬಹುದು. ಆ ಜಿಲ್ಲೆಯಲ್ಲಿ ಆಗ 533 ಶಾಲೆಗಳೂ 6,641 ವಿದ್ಯಾರ್ಥಿಗಳೂ ಇದ್ದರು. ಮೇಲಿನ ವರ್ಗದ ಹುಡುಗರು ಕೆಳಗಿನವರಿಗೆ ಹೇಳಿಕೊಡುತ್ತಿದ್ದರು. ಖರ್ಚು ಕಡಮೆಯಾದ ಈ ಪದ್ಧತಿಯನ್ನು ಅವರು ಬಹಳವಾಗಿ ಹೊಗಳಿ, ಇಂಗ್ಲೆಂಡಿನವರು ಇದನ್ನು ಅನುಕರಿಸಿದ್ದು ಯುಕ್ತವೆಂದರು. ಮದರಾಸಿನ ಅನಾಥಾಲಯದಲ್ಲಿ 1789ರಿಂದ 1796ರವರೆಗೆ ಇದ್ದ ಆಂಡ್ರೂ ಬೆಲ್ಲರು ಅಂಥದೇ ಕ್ರಮವನ್ನು ಆ ದೇಶಕ್ಕೆ ಒಯ್ದಿದ್ದರಷ್ಟೆ. ಹುಡುಗನು ತನಗಿಂತ ಕಿರಿಯವನಿಗೆ ಕಲಿಸುವುದು ಒಳ್ಳೆಯದೇ. ಕಲಿಸಿದವನಿಗೆ ವಿದ್ಯೆಯು ದೃಢವಾಗುವುದು. ಆದರೆ ಆ ಹೊಗಳಿಕೆಯಲ್ಲಿ ವಿದ್ಯೆಯೊಡನೆ ಮಿತವ್ಯಯವೂ ಸೇರಿತ್ತೆಂಬುದನ್ನು ವಾಚಕರು ಗಮನಿಸಬೇಕು. ಬದಲಿಗೆ ನಿಂತವನು ಅಗ್ಗವಾಗಿ ದೊರೆಯುವನೆಂಬ ಭಾವನೆಯು ಅಲ್ಲಿಂದ ಮುಂದೆ ನಮ್ಮನ್ನು ಬಿಟ್ಟಿಲ್ಲ.

ಮದರಾಸಿನ ಗವರ್ನರಾದ ಸರ್ ಥಾಮಸ್ ಮನ್ರೋ ಅವರು 1826ರಲ್ಲಿ, ಉಪಾಧ್ಯಾಯರ ಸಂಪಾದನೆಯು ಸಾಮಾನ್ಯವಾಗಿ ತಿಂಗಳಿಗೆ ಆರೇಳು ರೂಪಾಯಿಗಳನ್ನು ಮೀರದೆಂದೂ, ಯೋಗ್ಯರು ಈ ವೃತ್ತಿಗೆ ಬರುವುದಕ್ಕೆ ಅದು ಸಾಲದೆಂದೂ ಬರೆದರು. ತಾಲ್ಲೂಕು ಶಾಲೆಯವನಿಗೆ 9, ಜಿಲ್ಲಾ ಶಾಲೆಯವನಿಗೆ 15 ರೂಪಾಯಿಗಳನ್ನು ಸೂಚಿಸಿದರು. ಆಗಿನ ರೂಪಾಯಿಯನ್ನು ಈಗಿನದರೊಡನೆ ತೂಗಲಾಗದು. ಅವರ ಪ್ರಶ್ನೆಯನ್ನು ಮಾತ್ರ ಈಗಲೂ ಕೇಳಬಹುದು.

ನಾನು ವೃತ್ತಿಗೆ ಬಂದದ್ದೂ ಹಂಗಾಮಿಯಾಗಿಯೇ. ಒಬ್ಬ ಹಿರಿಯರು ಕಾಯಿಲೆಯಿಂದ ರಜೆ ಪಡೆದಿದ್ದ ಶಾಲೆಯೊಂದರಲ್ಲಿ ನಾಲ್ಕು ತಿಂಗಳು ಪಾಠ ಹೇಳಿದೆನು. ನಡುವೆ ಬಂದ ದಸರಾ ರಜೆಗೆ ಸಂಬಳ ಹಿಡಿದರು. ಹುಡುಗರು ಬರೆದ ಉತ್ತರಗಳನ್ನು ಆ ರಜೆಯಲ್ಲಿಯೇ ಕುಳಿತು ತಿದ್ದಿದ್ದೆನು.

ಈಗ ನಮ್ಮ ರಾಜ್ಯದ ಸರ್ಕಾರೀ ಶಾಲೆಗಳಲ್ಲಿ ಖಾಲಿ ಸ್ಥಾನಗಳನ್ನು ಅತಿಥಿ ಶಿಕ್ಷಕರು ತುಂಬುತ್ತಿರುವರು. ಪ್ರಾಥಮಿಕ ಶಾಲೆಯವರ ತಿಂಗಳ ಗೌರವಧನವು 2022ರಲ್ಲಿ 7,500 ರೂಪಾಯಿಗಳಿಂದ 10,000ಕ್ಕೂ, 2025ರಲ್ಲಿ 12,000ಕ್ಕೂ ಏರಿತು. ಬೇಸಗೆಯ ರಜೆಗೆ ಅದು ಇಲ್ಲ. ಕಾಯಂ ಉಪಾಧ್ಯಾಯರು ಬಂದರೆ ಇವರು ಸ್ಥಾನ ಬಿಡಬೇಕು. ಗುಜರಾತಿನ ಗುತ್ತಿಗೆ ಅಧ್ಯಾಪಕರ ಮೊಕದ್ದಮೆಯಲ್ಲಿ 2025ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಭೆಗಳಲ್ಲಿ ಗುರುಸ್ತೋತ್ರವನ್ನು ಪಠಿಸಿದರೆ ಸಾಲದೆಂದು ಆಕ್ಷೇಪಿಸಿತು. ‘ಅತಿಥಿ’ ಎಂಬ ಹೆಸರನ್ನಿಟ್ಟವರು ಸಂಸ್ಕೃತ ಬಲ್ಲವರೇ ಇರಬೇಕು: ಸ್ಥಿರವಾಗಿ ನಿಲ್ಲದವನಾದುದರಿಂದ ಅತಿಥಿಯೆಂದು ಮನುವಿನ ನಿರ್ವಚನ. ಅತಿಥಿಗೆ ಆಸನವನ್ನೂ ಅನ್ನವನ್ನೂ ಯಥಾಶಕ್ತಿ ಕೊಡಬೇಕೆಂದೂ ಅದೇ ಅಧ್ಯಾಯದಲ್ಲಿದೆ.

ನಮ್ಮ ಹೊಸ ತಿಪ್ಪಸಂದ್ರದಲ್ಲಿ ಅಂಥ ಒಬ್ಬ ಉಪಾಧ್ಯಾಯಿನಿಯಿರುವರು. ಹಗಲು ಶಾಲೆ, ಸಂಜೆ ಮನೆಪಾಠ. ಪ್ರತಿ ವರ್ಷವೂ ಹೊಸದಾಗಿ ಅರ್ಜಿ ಬರೆಯುವರು. ಮೊನ್ನೆ ಮಾರುಕಟ್ಟೆಯ ರಸ್ತೆಯಲ್ಲಿ ಅವರು ನನ್ನೊಡನೆ ಮಾತನಾಡುತ್ತಿದ್ದಾಗ, ಹಿಂದಿನ ವರ್ಷ ಅವರಲ್ಲಿ ಓದಿದ ಹುಡುಗನೊಬ್ಬನು ತಾಯಿಯ ಕೈ ಬಿಡಿಸಿಕೊಂಡು ಓಡಿಬಂದು ನಮಸ್ಕರಿಸಿದನು. ಈ ವರ್ಷ ನಮ್ಮ ತರಗತಿಗೆ ಬರುವಿರಾ ಮಿಸ್ ಎಂದು ಕೇಳಿದನು. ಅವರು ನನ್ನ ಮುಖವನ್ನು ನೋಡಿದರು.