ಸತ್ತವನ ಸೊತ್ತು, ನೆರೆಯವರ ದಂಡ

ಒಬ್ಬ ಕೊಲೆ ಮಾಡಿ, ಪೊಲೀಸರ ಗುಂಡಿಗೆ ತಾನೂ ಸತ್ತ ಎಂದಿಟ್ಟುಕೊಳ್ಳಿ. ಅವನನ್ನು ಇನ್ನು ಯಾವ ಕೋರ್ಟಿಗೂ ಕರೆಯಲಾಗದು. ಆದರೆ ಅವನ ಮನೆ, ಗದ್ದೆ, ದನಕರು ಇಲ್ಲೇ ಇವೆ. ಅವುಗಳ ಮೇಲೆ ಹಕ್ಕು ಯಾರಿಗೆ? ಕೊಲೆಯಾದವನ ಮನೆಯವರಿಗೋ, ಸರಕಾರಕ್ಕೋ, ಸತ್ತವನ ಹೆಂಡತಿ ಮಕ್ಕಳಿಗೋ? ಈ ಪ್ರಶ್ನೆಗೆ ಬ್ರಿಟಿಷರು ಮಲಬಾರಿನ ಮಾಪಿಳ್ಳೆಯರಿಗೆಂದೇ ಒಂದು ಪ್ರತ್ಯೇಕ ಉತ್ತರ ಬರೆದಿದ್ದರು. ಬ್ಯಾರಿಗಳಾದ ನಮಗೆ ಮಾಪಿಳ್ಳೆಯರು ಭಾಷೆಯಲ್ಲೂ ಬಾಂಧವ್ಯದಲ್ಲೂ ಹತ್ತಿರದವರು. ಹಾಗಾಗಿ ಈ ಇತಿಹಾಸ ನಮಗೂ ತಿಳಿದಿರಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ಮೊದಲು ಜಾಗದ ವಿಷಯ. ಇಂದು ನೀಲಗಿರಿ ಜಿಲ್ಲೆಯಲ್ಲಿರುವ ಗೂಡಲೂರು ಆಗ ಮಲಬಾರ್ ಜಿಲ್ಲೆಗೆ ಸೇರಿತ್ತು. ನಂಬಲಕೋಟ, ಚೇರಂಕೋಡ್, ಮುನ್ನನಾಡ್ ಎಂಬ ಮೂರು ಅಂಶಗಳು, ಅಂದರೆ ಕಂದಾಯ ವಿಭಾಗಗಳು, ವಯನಾಡಿನಿಂದ ಬೇರ್ಪಟ್ಟು ನೀಲಗಿರಿಗೆ ಸೇರಿದ್ದು 1877ರಲ್ಲಿ. ಊಟಿಯಿಂದ ಗೂಡಲೂರಿಗೆ ಇಳಿದು, ನಾಡುಕಾಣಿ ಘಾಟಿಯಲ್ಲಿ ಇನ್ನೂ ಕೆಳಗೆ ಹೋದರೆ ನಿಲಂಬೂರು, ಅದರಾಚೆ ಏರನಾಡು. ನಮ್ಮ ಮಂಗಳೂರು, ಕಾಸರಗೋಡು ಕೆನರಾ ಜಿಲ್ಲೆಯಲ್ಲಿದ್ದವು. ನಾನು ಹೇಳಲಿರುವ ಕಾನೂನು ಮಲಬಾರಿಗೆ ಮಾತ್ರ ಅನ್ವಯಿಸುತ್ತಿತ್ತು. ಜಿಲ್ಲೆಯ ಗಡಿ ದಾಟಿದರೆ ಕಾನೂನೇ ಬೇರೆ.

1836ರಿಂದ ಏರನಾಡು, ವಳ್ಳುವನಾಡುಗಳಲ್ಲಿ ಮಾಪಿಳ್ಳೆಯರ ದಂಗೆಗಳು ಮತ್ತೆ ಮತ್ತೆ ನಡೆದವು. ಹಲವು ಜನ್ಮಿಗಳು, ಅಂದರೆ ಭೂಮಾಲಕರು, ಕೊಲೆಯಾದರು. ಕೊಂದವರು ಓಡಿಹೋಗುತ್ತಿರಲಿಲ್ಲ; ಸೈನಿಕರೊಡನೆ ಹೋರಾಡಿ ಸಾಯುತ್ತಿದ್ದರು. ಸಾಯಲು ಸಿದ್ಧನಾದವನಿಗೆ ಗಲ್ಲಿನ ಭಯ ಎಲ್ಲಿಯದು? ಕಾರಣ ಹುಡುಕಲು 1852ರಲ್ಲಿ ವಿಶೇಷ ಕಮಿಷನರ್ ಆಗಿ ನೇಮಕವಾದ ಟಿ. ಎಲ್. ಸ್ಟ್ರೇಂಜ್, ಇದು ಜಮೀನಿನ ಸಮಸ್ಯೆಯಲ್ಲ, ಧಾರ್ಮಿಕ ಹುಚ್ಚು ಎಂದು ತೀರ್ಮಾನಿಸಿದ. ಅವನ ಸಲಹೆಯಂತೆ 1854ರಲ್ಲಿ ಎರಡು ಕಾಯ್ದೆಗಳು ಬಂದವು. 24ನೆಯ ಕಾಯ್ದೆ ಯುದ್ಧಗತ್ತಿ ಇಟ್ಟುಕೊಳ್ಳುವುದನ್ನು ನಿಷೇಧಿಸಿತು. 23ನೆಯ ಕಾಯ್ದೆಯ ಪ್ರಕಾರ ದಂಗೆಯಲ್ಲಿ ಸತ್ತವನ ಸೊತ್ತನ್ನೂ ಸರಕಾರ ಮುಟ್ಟುಗೋಲು ಹಾಕಿಕೊಳ್ಳಬಹುದಿತ್ತು, ಅವನ ಊರಿನ ಮಾಪಿಳ್ಳೆಯರ ಮೇಲೆ ದಂಡ ಹೇರಬಹುದಿತ್ತು, ಸಂಶಯವಿದ್ದವರನ್ನು ಗಡೀಪಾರು ಮಾಡಬಹುದಿತ್ತು.

ಈ ಕಾಯ್ದೆಗಳನ್ನು ಜಾರಿಗೆ ತಂದವನು ಮಲಬಾರಿನ ಕಲೆಕ್ಟರ್ ಹೆನ್ರಿ ವ್ಯಾಲೆಂಟೈನ್ ಕಾನೊಲಿ. ನಿಲಂಬೂರಿನ ತೇಗದ ತೋಟಕ್ಕೆ ಕಾರಣನಾದವನೂ ಅವನೇ. 1855 ಸೆಪ್ಟೆಂಬರ್ 11ರ ರಾತ್ರಿ, ಕಲ್ಲಿಕೋಟೆಯ ಬಂಗಲೆಯ ಜಗಲಿಯಲ್ಲಿ ಹೆಂಡತಿಯೊಡನೆ ಕುಳಿತಿದ್ದಾಗ ಅವನನ್ನು ಕಡಿದು ಕೊಂದರು. ಕೊಂದವರು ಕಲ್ಲಿಕೋಟೆಯಲ್ಲಿ ಸೆರೆಯಿಂದ ತಪ್ಪಿಸಿಕೊಂಡಿದ್ದ ಮಾಪಿಳ್ಳೆ ಕೈದಿಗಳು. ಒಂದು ವಾರದೊಳಗೆ, 17ರಂದು, ಅವರೂ ಹತರಾದರು.

ಗಂಡನ ಕೊಲೆಯನ್ನು ಕಣ್ಣಾರೆ ಕಂಡ ಆ ಹೆಂಗಸಿಗೆ ಪರಿಹಾರ ಸಿಗಬೇಕಾದದ್ದು ನ್ಯಾಯವೇ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದನ್ನು ಯಾರಿಂದ ವಸೂಲು ಮಾಡಿದರು ನೋಡಿ. ಹಂತಕರಿಗೆ ಆಶ್ರಯ ಕೊಟ್ಟವೆಂದು ಹೇಳಲಾದ ಊರುಗಳ ಮೇಲೆ 38 ಸಾವಿರ ರೂಪಾಯಿಗೂ ಹೆಚ್ಚು ದಂಡ ಬಿತ್ತು. ಅದರಲ್ಲಿ 30 ಸಾವಿರಕ್ಕೂ ಮಿಕ್ಕಿದ ಮೊತ್ತ ಕಾನೊಲಿಯ ಪತ್ನಿಗೆ ಹೋಯಿತೆಂದು ವಿಲಿಯಂ ಲೋಗನ್ ತನ್ನ 'ಮಲಬಾರ್ ಮ್ಯಾನುವಲ್'ನಲ್ಲಿ ದಾಖಲಿಸಿದ್ದಾನೆ. ಬೆರಳೆಣಿಕೆಯ ಕೈದಿಗಳು ಮಾಡಿದ ಕೊಲೆಯ ಸಾಲ ಊರೂರುಗಳ ಕುಟುಂಬಗಳ ತಲೆಗೆ ಬಂತು.

ಬೇರೆ ದಾರಿ ಇರಲಿಲ್ಲವೇ? ಇತ್ತು. ಕೊಲೆಗೆ ಆರು ತಿಂಗಳ ಮೊದಲು, 1855 ಮಾರ್ಚ್ 27ರಂದು, ಅದೇ ಸರಕಾರ 12ನೆಯ ಕಾಯ್ದೆಯನ್ನು ತಂದಿತ್ತು. ಅಪರಾಧ ಮಾಡಿದವನು ಸತ್ತರೆ, ಸಾವಿಗೆ ಮುಂಚಿನ ಒಂದು ವರ್ಷದೊಳಗೆ ಅವನು ಮಾಡಿದ ಅನ್ಯಾಯಕ್ಕಾಗಿ ಅವನ ವಾರಸುದಾರರ ಮೇಲೆ ದಾವೆ ಹೂಡಬಹುದೆಂದು ಅದು ಹೇಳಿತು. ಅದೇ ದಿನ ಬಂದ 13ನೆಯ ಕಾಯ್ದೆ, ಅನ್ಯಾಯವಾಗಿ ಸತ್ತವನ ಹೆಂಡತಿ, ಮಕ್ಕಳು, ತಂದೆತಾಯಿಗಳಿಗೆ ನಷ್ಟಪರಿಹಾರದ ಹಕ್ಕು ಕೊಟ್ಟಿತು. ಇಲ್ಲಿ ಒಂದು ಅಳತೆಯಿದೆ: ನಷ್ಟ ಎಷ್ಟು, ಹೊಣೆ ಯಾರದು ಎಂದು ರುಜುವಾತು ಮಾಡಬೇಕು. ಮಲಬಾರಿನ ಕಾಯ್ದೆಗೆ ಆ ಅಳತೆ ಬೇಕಿರಲಿಲ್ಲ.

ನಮ್ಮಲ್ಲಿ ಮಯ್ಯಿತ್ ನಮಾಝಿನ ಹೊತ್ತಿಗೆ ಮನೆಯವರು, 'ಇವರಿಂದ ಯಾರಿಗಾದರೂ ಏನಾದರೂ ಬರಬೇಕಿದ್ದರೆ ನಮಗೆ ತಿಳಿಸಿ' ಎಂದು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. ಶರೀಅತ್ತಿನ ಲೆಕ್ಕದಲ್ಲಿ ಸತ್ತವನ ಸೊತ್ತಿನಿಂದ ಮೊದಲು ಕಫನು-ದಫನಿನ ಖರ್ಚು, ಆಮೇಲೆ ಸಾಲ, ಆಮೇಲೆ ವಸಿಯ್ಯತ್, ಉಳಿದದ್ದು ವಾರಸುದಾರರಿಗೆ. ಸತ್ತವನ ಸೊತ್ತಿನ ಮೇಲೆ ಇತರರ ಹಕ್ಕು ನಮ್ಮ ಹಿರಿಯರಿಗೆ ಹೊಸ ವಿಷಯವಾಗಿರಲಿಲ್ಲ. ಆದರೆ ಆ ಸಾಲಕ್ಕೆ ನೆರೆಮನೆಯವನ ಗದ್ದೆ ಹೋಗುವುದಿಲ್ಲ.

ಇಂದಿನ ಕಾನೂನೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ. ಆರೋಪಿ ಸತ್ತರೆ ಅವನ ಮೇಲಿನ ಕ್ರಿಮಿನಲ್ ಕೇಸು ಮುಗಿಯುತ್ತದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 50ನೆಯ ಕಲಮಿನ ಪ್ರಕಾರ, ಸತ್ತವನ ಮೇಲಾದ ಡಿಕ್ರಿಗೆ ವಾರಸುದಾರರು ಅವನ ಸೊತ್ತಿನಿಂದ ತಮ್ಮ ಕೈಗೆ ಬಂದಷ್ಟಕ್ಕೆ ಮಾತ್ರ ಹೊಣೆ. ಸಂತ್ರಸ್ತರಿಗೆ ಸರಕಾರವೇ ಪರಿಹಾರ ಕೊಡುವ ಯೋಜನೆ 2009ರಲ್ಲಿ ಜಾರಿಗೆ ಬಂತು.

ಆ ಕಠಿಣ ಕಾಯ್ದೆಯಿಂದ ಮಲಬಾರಿನ ರಕ್ತಪಾತವಾದರೂ ನಿಂತಿತೇ? ಇಲ್ಲ. 1859ರಲ್ಲಿ ಅದನ್ನು ಹೊಸದಾಗಿ ಬರೆದರು, ದಂಗೆಗಳು ಮತ್ತೂ ಆದವು. ಕೊನೆಗೆ 1880ರ ದಶಕದ ಆರಂಭದಲ್ಲಿ ಗೇಣಿದಾರರ ಸ್ಥಿತಿಯನ್ನು ವಿಚಾರಿಸಿದ ಲೋಗನ್, ಒಕ್ಕಲೆಬ್ಬಿಸುವಿಕೆ ಮತ್ತು ಗೇಣಿಯ ಹೊರೆಯೇ ಇದರ ಬೇರು ಎಂದು ವರದಿ ಕೊಟ್ಟ. ಸ್ಟ್ರೇಂಜ್ 'ಅಲ್ಲ' ಎಂದು ತಳ್ಳಿಹಾಕಿದ್ದ ಕಾರಣವೇ ಅದು. ಅಷ್ಟರೊಳಗೆ ಆ ಊರುಗಳ ಜನ ಮೂವತ್ತು ವರ್ಷ ಇಂಥ ಕಾಯ್ದೆಗಳ ಕೆಳಗೆ ಬದುಕಿದ್ದರು.